ರ‍್ಯಾಪ್ ಪದ್ಯಗಳಲ್ಲಿ ಶ್ಲೇಷ

ಒಂದೇ ಶಬ್ದದಲ್ಲಿ ಎರಡು ಅರ್ಥಗಳನ್ನು ಹಿಡಿದಿಡುವ ಬಗೆಯನ್ನು ನಮ್ಮ ಆಲಂಕಾರಿಕರು ಶ್ಲೇಷವೆಂದು ಕರೆದರು. ಅದು ಇಂದು ಲಕ್ಷಣಗ್ರಂಥಗಳಲ್ಲಿ ಮಾತ್ರ ಉಳಿದಿರುವ ವಿಷಯವೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಉಂಟು. ಆದರೆ ಈ ಅಲಂಕಾರವನ್ನೇ ಜೀವಾಳವಾಗಿ ಉಳ್ಳ ಪ್ರಕಾರವೊಂದು ಅಮೆರಿಕದಲ್ಲಿ ಬೆಳೆದಿದೆ. ಅದೇ ರ‍್ಯಾಪ್. ಅದರ ಶ್ಲೇಷದ ರೀತಿಯನ್ನೂ, ಅದನ್ನು ಅರಿಯದೆ ಓದಿದರೆ ಒದಗುವ ಹಾನಿಯನ್ನೂ ಇಲ್ಲಿ ಸಂಗ್ರಹವಾಗಿ ವಿವೇಚಿಸುತ್ತೇವೆ.

1973ರ ಆಗಸ್ಟ್ 11ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ ಡಿ.ಜೆ. ಕೂಲ್ ಹರ್ಕ್ ನಡೆಸಿದ ಕೂಟದಿಂದ ಹಿಪ್-ಹಾಪ್ ಸಂಸ್ಕೃತಿಯ ಆರಂಭವನ್ನು ಎಣಿಸುವುದು ರೂಢಿ. ಅದರ ಶಬ್ದಚಮತ್ಕಾರದ ಬೇರುಗಳಾದರೋ ಇನ್ನೂ ಹಳೆಯವು. ಇಬ್ಬರು ಎದುರುಬದುರು ನಿಂತು ಮಾತಿನಲ್ಲೇ ಒಬ್ಬರನ್ನೊಬ್ಬರು ಹಳಿಯುವ 'ಡಜನ್ಸ್' ಎಂಬ ಆಟ, ಹೇಳಬೇಕಾದುದನ್ನು ಬಳಸುದಾರಿಯಲ್ಲಿ ಹೇಳುವ 'ಸಿಗ್ನಿಫೈಯಿಂಗ್' ಎಂಬ ಪದ್ಧತಿ, ಇವೆರಡೂ ಆಫ್ರಿಕನ್ ಅಮೆರಿಕನ್ ಜನರಲ್ಲಿ ರೂಢವಾಗಿದ್ದವು. ಎರಡನೆಯದನ್ನು ಹೆನ್ರಿ ಲೂಯಿಸ್ ಗೇಟ್ಸ್ ಅವರು 1988ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಒಂದು ಸಾಹಿತ್ಯತತ್ತ್ವವಾಗಿಯೇ ನಿರೂಪಿಸಿದ್ದಾರೆ. ಒಡೆಯನ ಎದುರಿನಲ್ಲಿ ನೇರವಾಗಿ ನುಡಿಯಲಾಗದವರಿಗೆ ಎರಡರ್ಥದ ಮಾತು ಕೇವಲ ಭೂಷಣವಲ್ಲ, ರಕ್ಷೆಯೂ ಆಗಿದ್ದಿತು.

ರ‍್ಯಾಪ್ ಸಾಮಾನ್ಯವಾಗಿ ನಾಲ್ಕು ಪೆಟ್ಟಿನ ಆವರ್ತಗಳಲ್ಲಿ ನಡೆಯುತ್ತದೆ. ಹದಿನಾರು ಆವರ್ತಗಳ ಖಂಡ ಬಹುಬಳಕೆಯದು. ಆವರ್ತಕ್ಕೆ ಅವರು 'ಬಾರ್' ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಸೆರೆಮನೆಯ ಸರಳೆಂಬ ಅರ್ಥವೂ ಉಂಟು. ತನ್ನ ಬಾಳೆಲ್ಲ ಬಾರ್‌ಗಳ ನಡುವೆ ಎಂದು ಕವಿಯೊಬ್ಬನು ನುಡಿದರೆ, ಸಂಗೀತವೂ ಸೆರೆಯೂ ಒಟ್ಟಿಗೆ ಕೇಳಿಸುತ್ತವೆ. ಶಬ್ದವನ್ನು ಒಡೆಯದೆ ಸಾಧಿಸಿದ ಇದು ಅಭಂಗಶ್ಲೇಷ. ಇಂಗ್ಲಿಷಿನಲ್ಲಿ ಬರಹ ಬೇರೆಯಾದರೂ ಉಚ್ಚಾರ ಒಂದೇ ಆಗಿರುವ ಶಬ್ದಗಳು ಹೇರಳ. ರ‍್ಯಾಪ್ ಕಿವಿಗಾಗಿ ಹುಟ್ಟಿದುದರಿಂದ ಅವೆಲ್ಲವೂ ಅದಕ್ಕೆ ಸಾಮಗ್ರಿ.

ಕನ್ನಡದಲ್ಲಿ ಬರೆದಂತೆಯೇ ಓದುವುದರಿಂದ ಈ ಬಗೆಯ ಅನುಕೂಲ ಕಡಿಮೆ. ಬದಲಿಗೆ ನಮ್ಮ ಸಂಧಿಗಳೂ ಪ್ರತ್ಯಯಗಳೂ ಒದಗಿಬರುತ್ತವೆ. ಈಗ ಕನ್ನಡದಲ್ಲಿ ರ‍್ಯಾಪ್ ಬರೆಯುತ್ತಿರುವ ತರುಣರಿಗಾಗಿ ನಾವೇ ಕಟ್ಟಿದ ಒಂದು ಉದಾಹರಣೆ: "ಕಾಡು ಕೇಳಿತು, ನನಗೇನು? ಊರು ಅಂದಿತು, ಕೊಡಲಿ." 'ಕೊಡು' ಧಾತುವಿಗೆ 'ಅಲಿ' ಸೇರಿದರೆ ಅದು ಹಾರೈಕೆ, ಒಡೆಯದೆ ಹಿಡಿದರೆ ಮರ ಕಡಿಯುವ ಆಯುಧ. ಇದು ಸಭಂಗ. "ನೆರೆ ಬಂದಾಗ ನೆರೆ ಬಾರದು" ಎಂಬಲ್ಲಿ ಪ್ರವಾಹ ಮತ್ತು ನೆರೆಹೊರೆ ಎಂಬ ಅರ್ಥಗಳಿಗಾಗಿ ಶಬ್ದ ಎರಡು ಸಲ ಬಂದಿದೆ. ಆದುದರಿಂದ ಅದು ಶ್ಲೇಷವಲ್ಲ, ಯಮಕದ ಜಾತಿಯದು.

ಎರಡರ್ಥ ದೊರೆತ ಮಾತ್ರಕ್ಕೆ ಪದ್ಯವಾಗದು. ಅಲಂಕಾರವು ಪ್ರತ್ಯೇಕ ಪ್ರಯತ್ನವಿಲ್ಲದೆ ರಸಕ್ಕೆ ಅಂಗವಾಗಿ ಬರಬೇಕೆಂದು ಒಂಬತ್ತನೆಯ ಶತಮಾನದಲ್ಲಿ ಆನಂದವರ್ಧನನು ವಿಧಿಸಿದ್ದಾನೆ. ರ‍್ಯಾಪಿಗೂ ಇದು ಸಲ್ಲುತ್ತದೆ. ಹಿಂದಿನ ಸಾಲು ಒಂದು ಅರ್ಥವನ್ನು ಸಿದ್ಧಪಡಿಸಬೇಕು. ಶ್ಲೇಷದ ಶಬ್ದ ಇನ್ನೊಂದನ್ನು ತೆರೆಯಬೇಕು. ಎರಡೂ ವಸ್ತುವಿಗೆ ಬೇಕಾದವಾಗಿರಬೇಕು. ಕೊಡಲಿಯ ಸಾಲಿನಲ್ಲಿ ಹಾರೈಕೆಯ ಅರ್ಥವನ್ನು ತೆಗೆದರೆ ಊರಿನ ಕಪಟವೇ ಮಾಯವಾಗುತ್ತದೆ. ಬರಿಯ ಅಶ್ಲೀಲ ಸೂಚನೆಗಾಗಿ ತಂದ ದ್ವಂದ್ವಾರ್ಥ ಈ ಪರೀಕ್ಷೆಯಲ್ಲಿ ನಿಲ್ಲುವುದು ಅಪರೂಪ.

ಈ ವಿವೇಚನೆ ಕೇವಲ ಪಾಂಡಿತ್ಯದ ವಿಷಯವಲ್ಲ. ಅಮೆರಿಕದ ನ್ಯಾಯಾಲಯಗಳಲ್ಲಿ ಆರೋಪಿಗಳು ಬರೆದ ರ‍್ಯಾಪ್ ಪದ್ಯಗಳನ್ನು ಅಪರಾಧದ ಒಪ್ಪಿಗೆಯೋ ಎಂಬಂತೆ ಓದಿ ತೋರಿಸಿದ ಪ್ರಸಂಗಗಳು ಅನೇಕ. ಅಲ್ಲಿ ಕವಿಯೂ ಪದ್ಯದೊಳಗಿನ 'ನಾನು' ಎಂಬವನೂ ಒಬ್ಬರೇ ಆಗಿಬಿಡುತ್ತಾರೆ, ರೂಪಕವು ವರದಿಯಾಗುತ್ತದೆ. 2014ರಲ್ಲಿ ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯವು, ಆರೋಪಿತ ಕೃತ್ಯದೊಡನೆ ಬಲವಾದ ಸಂಬಂಧವಿಲ್ಲದ ಪದ್ಯಗಳನ್ನು ಹೀಗೆ ಸಾಕ್ಷ್ಯವಾಗಿ ಒಪ್ಪಲಾಗದೆಂದು ತೀರ್ಪಿತ್ತಿತು. 2022ರಲ್ಲಿ ಕ್ಯಾಲಿಫೋರ್ನಿಯ ರಾಜ್ಯ, ಇಂತಹ ಕೃತಿಗಳಿಂದ ಹುಟ್ಟಬಹುದಾದ ಪೂರ್ವಗ್ರಹವನ್ನು ನ್ಯಾಯಾಲಯ ಮೊದಲು ತೂಗಿ ನೋಡಬೇಕೆಂದು ಶಾಸನ ಮಾಡಿತು.

ವಾಚ್ಯಾರ್ಥದಲ್ಲೇ ನಿಂತುಬಿಡುವ ಓದುಗನನ್ನು ನಾವು ತರಗತಿಯಲ್ಲಿ ಅರಸಿಕನೆಂದು ಕರೆದು ಸುಮ್ಮನಾಗುತ್ತೇವೆ. ಅಂತಹವನು ನ್ಯಾಯಪೀಠದ ಮುಂದೆ ಕುಳಿತಾಗ ಒಬ್ಬ ಮನುಷ್ಯನ ಸ್ವಾತಂತ್ರ್ಯವೇ ಹೋಗಬಹುದು. ಶ್ಲೇಷವನ್ನು ಕಲಿಸುವ ಅಧ್ಯಾಪಕರು ಈ ಪ್ರಸಂಗಗಳನ್ನೂ ವಿದ್ಯಾರ್ಥಿಗಳ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.