ಪದಕದ ಅಂಚು

ಬೆಳಗಿನ ಆರೂವರೆ. ಸಿಲ್ವರ್ ಓಕ್ ಮರಗಳ ನಡುವೆ ಕೂತ ಮಂಜು ಇನ್ನೂ ಎದ್ದಿಲ್ಲ. ಪಕ್ಕದ ತೋಟದ ಸುಬೇದಾರರ ಜಗಲಿಯಲ್ಲಿ ಕಾಫಿಯ ಪರಿಮಳವನ್ನೂ ಮೀರಿಸಿ, ಲೋಹ ಹೊಳೆಸುವ ಬ್ರಾಸೋ ವಾಸನೆ. ವರ್ಷಕ್ಕೆ ಮೂರು ಸಲ ಅದು ಬೇಲಿ ದಾಟಿ ನಮ್ಮನೆವರೆಗೂ ಬರುತ್ತದೆ. ಆಗಸ್ಟ್ 15, ಜನವರಿ 26 ಸರಿ, ಎಲ್ಲರಿಗೂ ಗೊತ್ತಿರುವ ದಿನಗಳು. ಮೂರನೆಯದು ಜನವರಿ 14. ಅದು ಮಾಜಿ ಸೈನಿಕರ ದಿನ ಎಂಬುದು ಸಂಕ್ರಾಂತಿಯ ಗದ್ದಲದಲ್ಲಿ ಯಾರ ಕಿವಿಗೂ ಬೀಳುವುದಿಲ್ಲ.

ಹಳೆಯ ಬಿಸ್ಕತ್ತಿನ ಡಬ್ಬ ತೆರೆದಿದೆ. ಒಳಗೆ ಹಳದಿ ಫ್ಲಾನೆಲ್ ಬಟ್ಟೆ, ಅದರ ಮೇಲೆ ಪದಕಗಳು. ಒಂದೊಂದನ್ನೇ ಎತ್ತಿ, ಉಸಿರು ಊದಿ, ಒರೆಸಿ, ಬೆಳಕಿಗೆ ಹಿಡಿಯುತ್ತಾರೆ. ಕನ್ನಡಕ ಹಣೆಗೇರಿದೆ. ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್, ಎರಡೂ 1971ರ ಯುದ್ಧದವು. ಪಕ್ಕದಲ್ಲಿ ಸೈನ್ಯ ಸೇವಾ ಪದಕ, ಅದರ ರಿಬ್ಬನ್ನಿಗೆ ‘ಹಿಮಾಲಯ’ ಎಂಬ ಪುಟ್ಟ ಪಟ್ಟಿ. ಪದಕದ ಮುಖವನ್ನು ಅವರು ಅಷ್ಟಾಗಿ ನೋಡುವುದಿಲ್ಲ. ಒರೆಸಿದ ಮೇಲೆ ಹೆಬ್ಬೆರಳನ್ನು ಅಂಚಿನ ಸುತ್ತ ಒಮ್ಮೆ ಓಡಿಸುತ್ತಾರೆ. ಆ ಅಂಚಿನಲ್ಲಿ ಇರುವೆ ಸಾಲಿನಂತೆ ಕೊರೆದ ಅಕ್ಷರಗಳಿವೆ: ನಂಬರು, ದರ್ಜೆ, ಹೆಸರು. ಮುಂದೆ ಸುಬೇದಾರರಾದರೂ ಪದಕದ ಪಾಲಿಗೆ ಅವರಿನ್ನೂ ಸ್ಯಾಪರ್.

“ನೋಡು, ಇಪ್ಪತ್ತರ ಹುಡುಗ ಇಲ್ಲೇ ಕೂತಿದಾನೆ” ಎನ್ನುತ್ತಾರೆ, ನನ್ನ ಕೈಗೆ ಕೊಟ್ಟು. ಲೋಹ ಮಂಜಿನಷ್ಟೇ ತಣ್ಣಗಿದೆ.

ಸ್ಯಾಪರ್ ಎಂದರೆ ಸೇನೆಯ ಎಂಜಿನಿಯರಿಂಗ್ ದಳದ ಸಿಪಾಯಿ. ಸೇತುವೆ ಕಟ್ಟುವವ, ರಸ್ತೆ ಕಡಿಯುವವ, ನೆಲದಲ್ಲಿ ಹೂತ ಮೈನ್ ತೆಗೆಯುವವ. 1971ರ ಡಿಸೆಂಬರಿನಲ್ಲಿ ಶಕರ್‌ಗಢದ ಕಡೆ ಬಸಂತರ್ ನದಿಯ ಆಚೆ ದಂಡೆಯುದ್ದಕ್ಕೂ ಶತ್ರುಗಳು ಮೈನ್ ಹೂತಿದ್ದರು. ನಮ್ಮ ಟ್ಯಾಂಕುಗಳು ದಾಟಬೇಕಾದರೆ ಮೊದಲು ಸ್ಯಾಪರ್‌ಗಳು ಕತ್ತಲಲ್ಲಿ ದಾರಿ ಬಿಡಿಸಿಕೊಡಬೇಕು. ಸುಬೇದಾರರಿಗೆ ಆ ರಾತ್ರಿಯ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಸಲಾಕೆಯನ್ನು ನೆಟ್ಟಗೆ ಚುಚ್ಚಬಾರದು, ಓರೆಯಾಗಿ ಚುಚ್ಚಬೇಕು, ಏನಾದರೂ ತಗುಲಿದರೆ ಬೆರಳಿನಿಂದ ಮಣ್ಣು ಸರಿಸಬೇಕು, ಅಷ್ಟೇ. ಚಳಿಗೆ ಬೆರಳು ಮರಗಟ್ಟುತ್ತಿತ್ತಂತೆ. ಮರಗಟ್ಟಿದ ಬೆರಳು ಸುಳ್ಳು ಹೇಳುತ್ತದೆ, ಅದಕ್ಕೇ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರಂತೆ. ಇಷ್ಟು ಹೇಳಿ ಕಣದ ಕಡೆ ತಿರುಗಿ, ಕಾಫಿ ಹರಡುತ್ತಿದ್ದ ಆಳಿಗೆ ಕೂಗಿದರು: “ದಪ್ಪ ಆಯ್ತು, ತೆಳ್ಳಗೆ ಎಳಿ!”

ಜನವರಿ ಅಂದರೆ ಕೊಡಗಿನಲ್ಲಿ ಕುಯ್ಲಿನ ಕಾಲ. ಅರೇಬಿಕಾ ಮುಗಿಯುತ್ತಾ ಬಂದಿದೆ, ರೋಬಸ್ಟಾ ಶುರುವಾಗುತ್ತಿದೆ, ಆಳು ಸಿಕ್ಕಿದ ದಿನ ಬಿಡುವಂತಿಲ್ಲ. ಆದರೂ ಒಂಬತ್ತಕ್ಕೆ ನೀಲಿ ಬ್ಲೇಜರ್ ತೊಟ್ಟು, ಮಡಿಕೇರಿಯ ಮಾಜಿ ಸೈನಿಕರ ಸಭೆಗೆಂದು ಜೀಪಿನಲ್ಲಿ ಕೂತಿದ್ದರು. ಚಾಲಕ ನಾನು.

ಮಡಿಕೇರಿಯಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಒಬ್ಬ ಸೈನಿಕ ಎದುರಾಗುತ್ತಾನೆ, ಜೀವಂತ ಅಥವಾ ಕಂಚಿನವ. ಜನರಲ್ ತಿಮ್ಮಯ್ಯನವರ ಪ್ರತಿಮೆಗೆ 2023ರಲ್ಲಿ ಬಸ್ಸೊಂದು ಗುದ್ದಿ ಕೆಡವಿತ್ತು. 1948ರಲ್ಲಿ ಜೋಜಿ ಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ ಮನುಷ್ಯ ಊರ ತಿರುವಿನಲ್ಲಿ ಬಸ್ಸಿಗೆ ಬಿದ್ದರಲ್ಲ ಎಂದು ಆ ವಾರವಿಡೀ ಹೋಟೆಲುಗಳಲ್ಲಿ ಮಾತು. ಅವರು ಹುಟ್ಟಿದ ಮನೆ ‘ಸನ್ನಿಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಇನ್ನೊಂದು ಪ್ರತಿಮೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರದು. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಹೋದವರು ಹಿಂತಿರುಗಲಿಲ್ಲ. ಹಾನಿಗೊಂಡ ತಮ್ಮ ಹಳೆಯ ಮಿಸ್ಟೇರ್ ವಿಮಾನದಿಂದಲೇ ಶತ್ರುವಿನ ಸ್ಟಾರ್‌ಫೈಟರ್ ಅನ್ನು ಉರುಳಿಸಿದ್ದರೆಂಬುದು ಈ ಕಡೆಯವರಿಗೆ ತಿಳಿದದ್ದು ಬ್ರಿಟಿಷ್ ಲೇಖಕನೊಬ್ಬ 1979ರಲ್ಲಿ ಬರೆದ ಪುಸ್ತಕದಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಇಪ್ಪತ್ಮೂರು ವರ್ಷ! ಸುಬೇದಾರರು ಆ ಪ್ರತಿಮೆ ದಾಟುವಾಗ ಜೀಪಿನೊಳಗೇ ಬೆನ್ನು ನೆಟ್ಟಗೆ ಮಾಡಿದರು.

ಸಭಾಂಗಣದ ಹೊರಗೆ ಬಿಸಿಲು ಕಾಯುತ್ತಾ ನಿಂತವರಲ್ಲಿ ಯಾರು ಮಾಜಿ ಸೈನಿಕರು, ಯಾರು ನೆಂಟರು ಎಂದು ಕೇಳಬೇಕಾಗಿಯೇ ಇಲ್ಲ. ಶೂ ನೋಡಿದರೆ ಸಾಕು. ಹದಿನೇಳೋ ಇಪ್ಪತ್ತೋ ವರ್ಷ ಸರ್ವೀಸ್ ಮುಗಿಸಿ ನಲವತ್ತರ ಒಳಗೇ ಊರು ಸೇರಿದವರು ಬಹಳ. ಆಮೇಲಿನ ಬದುಕೇ ಉದ್ದ. ಒಬ್ಬರು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತವರು, ಒಬ್ಬರು ಎಸ್ಟೇಟ್ ರೈಟರ್, ಮತ್ತೊಬ್ಬರು ಶಾಲೆಯ ವ್ಯಾನ್ ಓಡಿಸುತ್ತಾರೆ. ಮಾತು ಯುದ್ಧದ್ದಲ್ಲ. ಕ್ಯಾಂಟೀನಿನಲ್ಲಿ ಈ ತಿಂಗಳು ರಮ್ ಬಂತಾ, ಪಾಲಿಕ್ಲಿನಿಕ್ಕಿನಲ್ಲಿ ಶುಗರ್ ಮಾತ್ರೆ ಇದೆಯಾ, ಕಾಳುಮೆಣಸಿಗೆ ರೇಟೆಷ್ಟು. ಹಿಂದಿ, ಕನ್ನಡ, ಕೊಡವ ತಕ್ಕ್, ಅರೆಭಾಷೆ ಒಂದೇ ವಾಕ್ಯದಲ್ಲಿ ಕಲೆತು ಬರುತ್ತವೆ. “ರಾಮ್ ರಾಮ್ ಸಾಬ್” ಎಂದು ಕೈ ಎತ್ತಿದವರು ಮರುಕ್ಷಣ “ಮೊಮ್ಮಗಳ ಮದುವೆ ಏನಾಯ್ತು?” ಎನ್ನುತ್ತಾರೆ.

ಹೆಂಗಸರ ಸಾಲಿನ ತುದಿಯಲ್ಲಿ ಒಬ್ಬರು ಅಜ್ಜಿ. ನೆರಿಗೆ ಬೆನ್ನಿಗೆ ಬರುವಂತೆ ಉಟ್ಟ ಕೊಡವ ಸೀರೆ, ಸೆರಗು ಬಲ ಹೆಗಲ ಮೇಲೆ. ಆ ಬಲಗಡೆಯೇ, ಪಿನ್ನಿನ ಸ್ವಲ್ಪ ಕೆಳಗೆ, ಮೂರು ಪದಕ. ತನ್ನದಾದರೆ ಎಡ ಎದೆಗೆ, ತೀರಿಹೋದ ಗಂಡನದ್ದೋ ಮಗನದ್ದೋ ಆದರೆ ಬಲ ಎದೆಗೆ ಎಂಬುದು ಫೌಜಿನ ರೂಢಿ. ಸೆರಗು ಜಾರಿದಾಗಲೆಲ್ಲ ಪದಕಗಳು ಒಂದಕ್ಕೊಂದು ತಾಕಿ ಚಿಣ್ ಎನ್ನುತ್ತಿದ್ದವು. ಅವರು ಅಂಗೈಯಿಂದ ಒತ್ತಿ ಸುಮ್ಮನಾಗಿಸುತ್ತಿದ್ದರು, ತೊಡೆಯ ಮೇಲಿನ ಕೂಸಿಗೆ ಮಾಡಿದ ಹಾಗೆ. ಅವು ಯಾರವೆಂದು ನಾನು ಕೇಳಲಿಲ್ಲ.

ವೇದಿಕೆಯ ಮೇಲೆ ಕಾರ್ಯಪ್ಪನವರ ಫೋಟೋ. ಶನಿವಾರಸಂತೆಯಲ್ಲಿ ಹುಟ್ಟಿ 1949ರ ಜನವರಿ 15ರಂದು ಬ್ರಿಟಿಷ್ ಜನರಲ್ ರಾಯ್ ಬುಚರ್ ಕೈಯಿಂದ ಸೇನೆಯ ಚುಕ್ಕಾಣಿ ಪಡೆದವರು. ಆ ದಿನ ಸೇನಾ ದಿನವಾಯಿತು, ಅದಕ್ಕೆ ಕವಾಯತು, ಟ್ಯಾಂಕು, ಟೀವಿ ಎಲ್ಲ ಇದೆ. 2023ರಲ್ಲಂತೂ ಅದು ಮೊದಲ ಬಾರಿ ದಿಲ್ಲಿ ಬಿಟ್ಟು ಬೆಂಗಳೂರಿಗೇ ಬಂದಿತ್ತು. ಅವರು ಅಧಿಕಾರ ಬಿಟ್ಟುಕೊಟ್ಟದ್ದು 1953ರ ಜನವರಿ 14ರಂದು. 2016ರಿಂದ ಆಚರಿಸುತ್ತಿರುವ ಮಾಜಿ ಸೈನಿಕರ ದಿನಕ್ಕೆ ಆರಿಸಿಕೊಂಡದ್ದು ಈ ಎರಡನೆಯ ತಾರೀಖನ್ನು. ನನಗೇನೋ ಆರಿಸಿದವರು ಬುದ್ಧಿವಂತರೆನಿಸುತ್ತದೆ. ಸಮವಸ್ತ್ರ ಕಳಚಿದ ದಿನ ಜನರಲ್‌ಗೂ ಜವಾನನಿಗೂ ಒಂದೇ, ಮಾರನೆಯ ಬೆಳಿಗ್ಗೆ ಎದ್ದು ಏನು ಮಾಡುವುದೆಂಬ ಪ್ರಶ್ನೆಯೂ ಒಂದೇ. ಕಾರ್ಯಪ್ಪನವರು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಹೈಕಮಿಷನರ್ ಆಗಿದ್ದು, ಆಮೇಲೆ ಮಡಿಕೇರಿಯ ‘ರೋಷನಾರಾ’ದಲ್ಲಿ ನೆಲೆಸಿ, 1964ರಲ್ಲಿ ಮಾಜಿ ಸೈನಿಕರ ಸಂಘ ಕಟ್ಟಲು ನಿಂತರು. ಫೀಲ್ಡ್ ಮಾರ್ಷಲ್ ಪದವಿ ಬರಲು 1986 ಆಗಬೇಕಾಯಿತು.

ಭಾಷಣಗಳಾದವು. ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೋ.

ಮೌನಾಚರಣೆಗೆ ಮುಂಚೆ ಎನ್‌ಸಿಸಿ ಹುಡುಗನೊಬ್ಬ ಬ್ಯೂಗಲ್ ಎತ್ತಿದ. ಚಳಿಗೆ ತುಟಿ ಒಡೆದಿತ್ತೋ ಏನೋ, ‘ಲಾಸ್ಟ್ ಪೋಸ್ಟ್’ನ ಮೇಲಿನ ಸ್ವರಕ್ಕೆ ಹೋದಾಗ ನಾದ ಸೀಳಿತು. ಹುಡುಗನ ಕಿವಿ ಕೆಂಪಾಯಿತು. ನನ್ನ ಮುಂದಿನ ಸಾಲಿನಲ್ಲಿ ಕೋಲೂರಿ ನಿಂತಿದ್ದ ಮುದುಕರೊಬ್ಬರ ತುಟಿ ಮಾತ್ರ ಅಷ್ಟರಲ್ಲಿ ಬಿಗಿದು ಮುಂದೆ ಬಂದಿತ್ತು. ಹಲ್ಲಿಲ್ಲದ ಬಾಯಿ, ಆದರೂ ಕೆನ್ನೆ ಉಬ್ಬುತ್ತಿದೆ, ಇಳಿಯುತ್ತಿದೆ. ಸದ್ದೇ ಇಲ್ಲದೆ ಕೊನೆಯ ಸ್ವರದವರೆಗೂ ಹುಡುಗನ ಜೊತೆ ಊದಿದರು. ಎಂದೋ ರೆಜಿಮೆಂಟಿನ ಬ್ಯಾಂಡಿನಲ್ಲಿದ್ದವರಂತೆ. ಕಾರ್ಯಕ್ರಮ ಮುಗಿದ ಮೇಲೆ ಹುಡುಗನನ್ನು ಹತ್ತಿರ ಕರೆದು, “ತುಟಿಗೆ ತುಪ್ಪ ಹಚ್ಚು, ರಾತ್ರಿಯೇ ಹಚ್ಚು” ಎಂದರು.

ಊಟಕ್ಕೆ ಹಂದಿ ಕರಿ, ಕಡಂಬಿಟ್ಟು. ಬಯಲುಸೀಮೆಯ ಕಡೆಯವರು ಯಾರೋ ಸಂಕ್ರಾಂತಿಯ ಎಳ್ಳು ಬೆಲ್ಲ ತಂದು ಎಲೆ ತುದಿಗೆ ಬಡಿಸಿದರು. ಕಳೆದ ವರ್ಷ ತಮ್ಮ ಪಕ್ಕ ಕೂತು ಉಂಡವನ ಜಾಗ ತೋರಿಸಿ ಸುಬೇದಾರರು, “ಡಿಸೆಂಬರಿನಲ್ಲಿ ಹೋದ” ಎಂದಷ್ಟೇ ಹೇಳಿ, ಆ ಕುರ್ಚಿಯ ಮೇಲೆ ತಮ್ಮ ಟೋಪಿ ಇಟ್ಟರು.

ವಾಪಸು ಬರುವಾಗ ಮಾತು ಬೇರೆ ಕಡೆ ಹೊರಳಿತು. ಪಿಂಚಣಿ ನಿಲ್ಲದಿರಬೇಕಾದರೆ ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂದು ಸಾಬೀತು ಮಾಡಬೇಕು. ಮೊದಲು ಕಾಗದಕ್ಕೆ ಸಹಿ ಸಾಕಿತ್ತು, ಈಗ ಯಂತ್ರಕ್ಕೆ ಬೆರಳು ಒತ್ತಿಸುತ್ತಾರೆ. ನವೆಂಬರಿನಲ್ಲಿ ಹೋದಾಗ ಹತ್ತು ಬೆರಳಲ್ಲಿ ಒಂದನ್ನೂ ಅದು ಒಪ್ಪಲಿಲ್ಲವಂತೆ. ಕತ್ತಿ, ಗುದ್ದಲಿ, ಕಾಫಿ ಹಣ್ಣಿನ ಅಂಟು, ಮೂವತ್ತು ವರ್ಷದ ತೋಟದ ಕೆಲಸ ಗೆರೆಗಳನ್ನೆಲ್ಲ ಸವೆಸಿಬಿಟ್ಟಿದೆ. ಕೌಂಟರಿನ ಹುಡುಗಿ ಪಾಪ, ಬಟ್ಟೆಯಲ್ಲಿ ಒರೆಸಿ ಒರೆಸಿ ಒತ್ತಿಸಿದಳಂತೆ. “ಅಂಕಲ್, ಮತ್ತೊಮ್ಮೆ ಬನ್ನಿ” ಎಂದಳಂತೆ.

ಮನೆ ಮುಟ್ಟುವಾಗ ಬಿಸಿಲು ಇಳಿದಿತ್ತು. ಬ್ಲೇಜರ್ ಬಿಚ್ಚಿ ಮೊಳೆಗೆ ತೂಗುಹಾಕಿ, ಪದಕಗಳನ್ನು ಫ್ಲಾನೆಲ್ಲಿನಲ್ಲಿ ಸುತ್ತಿ ಡಬ್ಬಕ್ಕೆ ಹಾಕಿ, ಇಬ್ಬನಿ ಬೀಳುವ ಮುಂಚೆ ಕಣದ ಕಾಫಿಯನ್ನು ಗುಡ್ಡೆ ಮಾಡಿಸಿದರು. ಟಾರ್ಪಾಲಿನ ನಾಲ್ಕು ಮೂಲೆಗೂ ಕಲ್ಲು. ಒಂದು ಕಡೆ ಅಂಚು ಸೊಟ್ಟಗಿತ್ತು. ಆಳು ಬಿಟ್ಟು ಹೋಗಿದ್ದ, ಇವರು ಬಗ್ಗಿ ಎಳೆದು ನೇರ ಮಾಡಿದರು.

ಬೇಲಿಯ ಬಳಿ ಬಂದು ಕೇಳಿದರು: “ಸೋಮವಾರ ನಿಂಗೆ ಬಿಡುವಿದ್ಯಾ? ಆ ಮಿಷೀನ್ ಹತ್ತಿರ ಇನ್ನೊಂದ್ಸಲ ಹೋಗ್ಬೇಕಿತ್ತು.” ಬಿಡುವಿದೆ ಎಂದೆ. ಒಳಗೆ ಹೋಗಿ ಜಗಲಿಯ ದೀಪ ಹಾಕಿ, ಕೊಬ್ಬರಿ ಎಣ್ಣೆಯ ಬಾಟಲಿ ತಂದು ಕೂತು, ಬಲಗೈ ಹೆಬ್ಬೆರಳಿಗೆ ಹಚ್ಚಿ ನಿಧಾನವಾಗಿ ತಿಕ್ಕತೊಡಗಿದರು.