ಹೆದ್ದಾರಿ ಅಗಲವಾಯಿತು, ಠಾಣೆಯ ಹೊಣೆಯೂ ಬೆಳೆಯಿತು

ತಲಪಾಡಿಯಿಂದ ಕಾಲಿಕ್ಕಡವಿನವರೆಗೆ ನಮ್ಮ ಜಿಲ್ಲೆಯ ಉದ್ದಕ್ಕೂ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಯನ್ನು ನಮ್ಮ ಹಿರಿಯರು ಇಂದಿಗೂ 'ಹದಿನೇಳು' ಎಂದೇ ಕರೆಯುತ್ತಾರೆ. 2010ರಲ್ಲಿ ಅದಕ್ಕೆ 66 ಎಂಬ ಹೊಸ ಸಂಖ್ಯೆ ಬಂದಾಗ ಯಾರಿಗೂ ಏನೂ ಅನಿಸಲಿಲ್ಲ. ಆರು ಪಥಗಳ ಕಾಮಗಾರಿ ತೊಡಗಿದ ಮೇಲೆ ಮಾತ್ರ ಮಾರ್ಗದ ಬದಿಯ ಜನಜೀವನವೇ ಬೇರೆಯಾಯಿತು. ಉಪ್ಪಳ, ಕುಂಬಳೆ, ಮೊಗ್ರಾಲ್‌ಗಳಲ್ಲಿ ಎದುರು ಬದಿಯ ಅಂಗಡಿಯಿಂದ ಒಂದು ಕಟ್ಟು ವೀಳ್ಯದೆಲೆ ತರಬೇಕಿದ್ದರೂ ಅಡಿದಾರಿ ಹುಡುಕಿ ಸುತ್ತು ಬಳಸಿ ಹೋಗಬೇಕು. ಅಷ್ಟು ತಾಳ್ಮೆ ಇಲ್ಲದವರು ನಡುವಿನ ಗೋಡೆ ಹತ್ತಿ ಇಳಿಯುತ್ತಾರೆ. ವಾಹನ ಓಡಿಸುವವರಿಗೂ ಹಳೆಯ ಅಭ್ಯಾಸ ಬಿಟ್ಟಿಲ್ಲ. ಒಂದು ಫರ್ಲಾಂಗು ಉಳಿಯುತ್ತದೆಂದು ಎದುರು ದಿಕ್ಕಿನಲ್ಲಿ ಸ್ಕೂಟರ್ ನುಗ್ಗಿಸುವುದನ್ನು ನಾವು ದಿನವೂ ಕಾಣುತ್ತೇವೆ.

ಮಾರ್ಗ ಕಟ್ಟಿದ ಇಂಜಿನಿಯರರ ಕೆಲಸ ಡಾಮರು ಮತ್ತು ಬಿಳಿ ಗೆರೆಗಳೊಂದಿಗೆ ಮುಗಿಯುತ್ತದೆ. ಆ ಗೆರೆಗೆ ಬೆಲೆ ಬರುವುದು ಅದನ್ನು ದಾಟಿದವನನ್ನು ಯಾರಾದರೂ ನಿಲ್ಲಿಸಿ ಕೇಳಿದಾಗ. 2025ರ ಆಗಸ್ಟಿನಲ್ಲಿ ತಲಪಾಡಿಯಲ್ಲಿ ಬಸ್ಸೊಂದು ಆಟೋ ರಿಕ್ಷಾಕ್ಕೂ ಬದಿಯಲ್ಲಿ ನಿಂತಿದ್ದವರಿಗೂ ಢಿಕ್ಕಿ ಹೊಡೆದು ಆರು ಮಂದಿ ಅಸುನೀಗಿದುದನ್ನು ಗಡಿಯ ಎರಡೂ ಕಡೆಯವರು ಮರೆತಿರಲಾರರು.

ಕೇರಳ ಸರಕಾರವು 2023ರ ಜೂನ್ 5ರಿಂದ ರಾಜ್ಯಾದ್ಯಂತ 726 ಕ್ಯಾಮರಾಗಳ ಮೂಲಕ ದಂಡ ವಿಧಿಸತೊಡಗಿತು. ಅವುಗಳಲ್ಲಿ ಬಹುಪಾಲು, ಅಂದರೆ 675, ಹೆಲ್ಮೆಟ್, ಸೀಟು ಬೆಲ್ಟು, ಮೊಬೈಲು ಮುಂತಾದ ತಪ್ಪುಗಳನ್ನು ಹಿಡಿಯುವಂಥವು. ಅದೇ ವರ್ಷ ಜುಲೈಯಿಂದ ದ್ವಿಚಕ್ರ ವಾಹನಗಳ ಗರಿಷ್ಠ ವೇಗವನ್ನು ಗಂಟೆಗೆ 70 ಕಿಲೋಮೀಟರಿನಿಂದ 60ಕ್ಕೆ ಇಳಿಸಲಾಯಿತು. ಮೊದಮೊದಲು ಗೊಣಗಿದವರೇ ಈಗ ಹಿಂದೆ ಕುಳಿತ ಹೆಂಡತಿಗೂ ಹೆಲ್ಮೆಟ್ ತೊಡಿಸುತ್ತಿದ್ದಾರೆ. ಆದರೆ ಕ್ಯಾಮರಾ ಇರುವ ಕಂಬ ಯಾವುದೆಂದು ಎಲ್ಲರಿಗೂ ಗೊತ್ತಾಗಿ ಹೋಗಿದೆ; ಕಂಬಕ್ಕೆ ನೂರು ಮೀಟರು ಮೊದಲು ಬೆಲ್ಟು ಎಳೆದುಕೊಂಡು, ದಾಟಿದ ಕೂಡಲೇ ಬಿಡುವವರ ಜಾಣತನಕ್ಕೆ ಏನೆನ್ನೋಣ! 2019ರ ಸೆಪ್ಟೆಂಬರದಲ್ಲಿ ಕೇಂದ್ರದ ತಿದ್ದುಪಡಿ ಶಾಸನ ಜಾರಿಗೆ ಬಂದು, ಹೆಲ್ಮೆಟ್ ಇಲ್ಲದವರಿಗೆ 1000 ರೂಪಾಯಿ ದಂಡವೆಂದಾಗ ಎದ್ದ ಬೊಬ್ಬೆಗೆ ಮಣಿದು ಕೇರಳ ಅದನ್ನು 500ಕ್ಕೆ ಇಳಿಸಿತು. ನಮ್ಮ ಅಭಿಪ್ರಾಯದಲ್ಲಿ ಮೊತ್ತ ಎಷ್ಟೆಂಬುದು ದೊಡ್ಡ ವಿಷಯವಲ್ಲ. ಇಂದು ಹಿಡಿದು ನಾಳೆ ಬಿಟ್ಟರೆ ಐದು ಸಾವಿರಕ್ಕೂ ಯಾರೂ ಹೆದರುವುದಿಲ್ಲ. ರಾತ್ರಿ ಹತ್ತರ ಬಳಿಕ ಮಾರ್ಗದಲ್ಲಿ ಒಂದು ಪೋಲೀಸ್ ಜೀಪು ನಿಂತಿರುವುದು ಹತ್ತು ಕ್ಯಾಮರಾಗಳಿಗೆ ಸಮ. ಕುಡಿದು ಓಡಿಸುವವನನ್ನು ಕಂಬದ ಮೇಲಿನ ಯಂತ್ರ ಊದಿಸಿ ನೋಡಲಾರದಷ್ಟೆ.

ಇನ್ನು ನಮ್ಮ ಕನ್ನಡ ಮನೆಗಳಿಗೇ ವಿಶೇಷವಾಗಿ ತಟ್ಟುವ ಒಂದು ಸಂಗತಿಯಿದೆ. ನಾವು ಬಲ್ಲ ಮನೆಯೊಂದರ ಯಜಮಾನರಿಗೆ ಒಂದು ಸಂಜೆ ಮಾರ್ಗದ ಬದಿಯಲ್ಲಿ ಕಾರು ಬಡಿದು ಅವರು ತೀರಿಕೊಂಡರು. ಮಗ ಗಲ್ಫಿನಲ್ಲಿ. ಠಾಣೆಗೆ ಹೋಗಿ ಹೇಳಿಕೆ ಕೊಟ್ಟವರು ಅವರ ಭಾವ. ಸಂತೆಯಲ್ಲಿ ವ್ಯಾಪಾರಕ್ಕೆ ಬೇಕಾದಷ್ಟು ಮಲೆಯಾಳ ಅವರಿಗೆ ಬರುತ್ತದೆ, ಓದಲು ಬಾರದು. ಭಾವ ಬದಿಯಲ್ಲಿ ನಿಂತಿದ್ದರೆಂದು ಅವರು ಹೇಳಿದ್ದು. ಕಾಗದದಲ್ಲಿ ಬಿದ್ದುದು ಮಾರ್ಗ ದಾಟುತ್ತಿದ್ದರೆಂದು. "ಬರೆದದ್ದನ್ನು ಓದಿ ಹೇಳಿದ್ದು ಹೌದು ಮಾರಾಯ್ರೆ. ಅರ್ಧ ಗೊತ್ತಾಯಿತು, ಅರ್ಧಕ್ಕೆ ತಲೆಯಾಡಿಸಿದೆ. ಆ ಹೊತ್ತಿಗೆ ಯಾರಿಗೆ ಬೇಕಿತ್ತು?" ಎಂದು ಅವರು ಆಮೇಲೆ ನಮ್ಮೊಡನೆ ಹೇಳಿ ಕಣ್ಣೊರಸಿಕೊಂಡರು. ನಷ್ಟಪರಿಹಾರದ ದಾವೆಯಲ್ಲಿ ವಿಮಾ ಕಂಪೆನಿಯ ವಕೀಲರು ಹಿಡಿದುಕೊಂಡದ್ದು ಅದೇ ಒಂದು ಶಬ್ದವನ್ನು: ಸತ್ತವರದೇ ಅಜಾಗರೂಕತೆ ಎಂದು.

ಇಂತಹ ಎಡವಟ್ಟನ್ನು ತಪ್ಪಿಸಲು ಹೊಸ ಕಾನೂನೇನೂ ಬೇಕಾಗಿಲ್ಲ. ಕನ್ನಡ ಅಲ್ಪಸಂಖ್ಯಾತ ಪ್ರದೇಶದಲ್ಲಿ ಸರಕಾರದ ಸ್ಥಳೀಯ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ, ಉತ್ತರವನ್ನೂ ಕನ್ನಡದಲ್ಲಿ ಪಡೆಯುವ ಹಕ್ಕನ್ನು 1969ರ ಕೇರಳ ರಾಜ್ಯಭಾಷಾ ಶಾಸನವೇ ಕೊಟ್ಟಿದೆ. ದೂರು ಬರೆದುಕೊಂಡ ಮೇಲೆ ಅದನ್ನು ಓದಿ ಹೇಳಿ, ಪ್ರತಿಯನ್ನು ಉಚಿತವಾಗಿ ಕೊಡಬೇಕೆಂಬುದು 2024ರ ಜುಲೈಯಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಕಾಸರಗೋಡು ಠಾಣೆಗಳಲ್ಲಿ ಹಗಲು ರಾತ್ರಿ ಕನ್ನಡ ಓದಿ ಬರೆಯಬಲ್ಲ ಒಬ್ಬೊಬ್ಬರು ಇರಲೇಬೇಕೆಂದು ನಾವು ಕೇಳುವುದು ಭಾಷಾಭಿಮಾನದ ಮಾತಾಗಿ ಮಾತ್ರವಲ್ಲ. ಕ್ಯಾಮರಾದ ನೋಟೀಸಿಗೂ ಈ ಮಾತು ಸಲ್ಲುತ್ತದೆ. ಮಗನ ಹೆಸರಿನ ಸ್ಕೂಟರಿಗೆ ಬಂದ ನೋಟೀಸನ್ನು ಓದಲಾಗದೆ ದೇವರ ಕೋಣೆಯ ಗೂಡಿನಲ್ಲಿಟ್ಟ ಅಜ್ಜಿಯಂದಿರು ನಮ್ಮಲ್ಲಿ ಕಡಿಮೆಯೇ?

ಗಡಿಯ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಏಟು ಬೀಳುವುದು ನಮ್ಮ ಜಿಲ್ಲೆಯಲ್ಲಿ, ಗಾಯಾಳುವನ್ನು ಒಯ್ಯುವುದು ಮಂಗಳೂರಿಗೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ಯೋಜನೆಯಂತೆ ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಏಳು ದಿನಗಳ ತನಕ, ಒಂದೂವರೆ ಲಕ್ಷ ರೂಪಾಯಿಯವರೆಗೆ, ನೇಮಿತ ಆಸ್ಪತ್ರೆಗಳಲ್ಲಿ ನಗದಿಲ್ಲದ ಚಿಕಿತ್ಸೆ ಸಿಗಬೇಕು. ಆದರೆ ಇದು ಅಪಘಾತವೇ ಎಂದು ಪೋಲೀಸರು ದೃಢೀಕರಿಸಬೇಕಾಗುತ್ತದೆ. ಆಸ್ಪತ್ರೆ ಆಚೆ, ಠಾಣೆ ಈಚೆ ಇರುವಾಗ ಈ ಕೊಂಡಿ ತಡವಾದರೆ ಮನೆಯವರು ಚಿನ್ನ ಅಡವಿಟ್ಟು ಓಡಾಡುವುದು ತಪ್ಪುವುದಿಲ್ಲ. ಆದುದರಿಂದ ಆಸ್ಪತ್ರೆಗೆ ಒಬ್ಬರು ಹೋದರೆ ಇನ್ನೊಬ್ಬರು ನೆಟ್ಟಗೆ ಠಾಣೆಗೆ ಹೋಗಬೇಕು. 112ಕ್ಕೆ ಕರೆ ಮಾಡಿದ ಹೊತ್ತನ್ನೂ ಬರೆದಿಟ್ಟುಕೊಳ್ಳಬೇಕು. ಗಡಿಯಲ್ಲಿ ಯಾವ ಠಾಣೆಗೆ ಸೇರಿದ್ದೆಂಬ ಚರ್ಚೆ ಎದ್ದರೆ, ಸರಹದ್ದು ನೋಡದೆ ದೂರು ಸ್ವೀಕರಿಸಬೇಕೆಂದು ಅದೇ ಸಂಹಿತೆ ಹೇಳುತ್ತದೆ. ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿದ ದಾರಿಹೋಕರನ್ನು ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ. ನಷ್ಟಪರಿಹಾರದ ಅರ್ಜಿಗೆ ಶಾಸನ ಹಾಕಿದ ಅವಧಿ ಆರು ತಿಂಗಳು; ಉತ್ತರಕ್ರಿಯೆ, ವರ್ಷಾಂತಿಕ ಮುಗಿಯಲಿ ಎಂದು ಕಾಯುವುದು ಬೇಡ.

ಮೇಲೆ ಹೇಳಿದ ದಾವೆಯ ಕತೆಯನ್ನು ಅರ್ಧಕ್ಕೇ ಬಿಟ್ಟೆವು. ಹೇಳಿಕೆ ಮನೆಯವರ ವಿರುದ್ಧವೇ ಇದ್ದರೂ, ಮರುದಿನ ಬೆಳಗ್ಗೆ ಅದೇ ಠಾಣೆಯ ಒಬ್ಬ ಪೋಲೀಸರು ಸ್ಥಳಕ್ಕೆ ಹೋಗಿ ಟೇಪು ಹಿಡಿದು ಅಳೆದು ಮಹಜರಿನ ನಕಾಶೆ ಮಾಡಿದ್ದರು. ರಕ್ತದ ಕಲೆಯೂ ಮುರಿದ ಕೊಡೆಯೂ ಬಿದ್ದಿದ್ದುದು ಬಿಳಿ ಗೆರೆಯಿಂದ ಮೂರು ಅಡಿ ಹೊರಗೆ, ಮಣ್ಣಿನ ಮೇಲೆ ಎಂದು ಅದರಲ್ಲಿ ಗುರುತಾಗಿತ್ತು. ಆ ಪೋಲೀಸರಿಗೆ ಕನ್ನಡದ ಒಂದಕ್ಷರ ಬಾರದು. ನ್ಯಾಯಮಂಡಳಿ ನಕಾಶೆಯನ್ನೇ ಒಪ್ಪಿತು.