ಮಲ್ಪೆಯ ಕಂಬಗಲ್ಲಿನ ದ್ವೀಪ

ಸುಗ್ಗಿ ಮುಗಿದು ಕಣದ ಕೆಲಸವೆಲ್ಲ ಒಪ್ಪವಾದ ಮೇಲೆ, ಊರಿನವರು ಕೂಡಿ ಬಸ್ಸು ಗೊತ್ತುಮಾಡಿಕೊಂಡು ಧರ್ಮಸ್ಥಳ, ಉಡುಪಿ, ಕೊಲ್ಲೂರಿಗೆ ಯಾತ್ರೆ ಹೊರಡುವುದು ನಮ್ಮ ಬೆಂಗಳೂರು ದಕ್ಷಿಣದ ಹಳ್ಳಿಗಳಲ್ಲಿ ವಾಡಿಕೆ. ಉಡುಪಿಗೆ ಹೋದವರಲ್ಲಿ ಹಲವರು ಮಲ್ಪೆಗೂ ಹೋಗಿ, ದೋಣಿಯೇರಿ ಸೇಂಟ್ ಮೇರೀಸ್ ದ್ವೀಪವನ್ನು ನೋಡಿ ಬರುತ್ತಾರೆ. ಬಯಲುಸೀಮೆಯವರಾದ ನಮಗೆ ಕೆರೆಯ ಗುಣ ಗೊತ್ತೇ ಹೊರತು ಕಡಲಿನ ಗುಣ ಗೊತ್ತಿಲ್ಲ. ಆದಕಾರಣ ಈ ಜಾಗದ ವಿಚಾರವನ್ನು ಹೊರಡುವ ಮೊದಲೇ ತಿಳಿದಿರುವುದು ಒಳ್ಳೆಯದು.

ಉಡುಪಿಯಿಂದ ಮಲ್ಪೆಗೆ ಸುಮಾರು 6 ಕಿ.ಮೀ. ಅಲ್ಲಿಂದ ನೀರಿನ ಮೇಲೆ ಹೆಚ್ಚುಕಡಿಮೆ ಅಷ್ಟೇ ದೂರ ಹೋದರೆ ದ್ವೀಪ ಸಿಕ್ಕುತ್ತದೆ. ಅದು ಒಂದೇ ದ್ವೀಪವಲ್ಲ, ಕಿರುದ್ವೀಪಗಳ ಸಾಲು. ಪ್ರವಾಸಿಗರು ಇಳಿಯುವುದು ತೆಂಗಿನಮರಗಳಿರುವ ಒಂದು ದ್ವೀಪದಲ್ಲಿ. ಅದರ ಉದ್ದ ಸುಮಾರು 500 ಮೀಟರು, ಅಗಲ ಸುಮಾರು 100 ಮೀಟರು. ನಮ್ಮ ಲೆಕ್ಕದಲ್ಲಿ ಹನ್ನೆರಡು ಎಕರೆ. ಜನವಸತಿಯಿಲ್ಲ. ದಡದಲ್ಲಿ ಮರಳಿಗಿಂತ ಕಪ್ಪೆಚಿಪ್ಪಿನ ಚೂರುಗಳೇ ಹೆಚ್ಚು. 1498ರಲ್ಲಿ ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮನು ಇಲ್ಲಿಗೆ ಬಂದು ಮೇರಿಮಾತೆಯ ಹೆಸರನ್ನಿಟ್ಟನೆಂಬ ಪ್ರತೀತಿ ಇದೆ.

ಆದರೆ ನೋಡತಕ್ಕದ್ದು ಹೆಸರನ್ನಲ್ಲ, ಕಲ್ಲನ್ನು. ಯಾರೋ ಶಿಲ್ಪಿ ಉಳಿ ಹಿಡಿದು ಕೆತ್ತಿ ಒತ್ತೊತ್ತಾಗಿ ನಿಲ್ಲಿಸಿದಂತೆ ಇಲ್ಲಿ ಕಲ್ಲಿನ ಕಂಬಗಳಿವೆ. ಬಹುಪಾಲಿಗೆ ಆರು ಮುಖ, ಕೆಲವಕ್ಕೆ ಐದು ಅಥವಾ ಏಳು. ಇದು ಹೇಗಾಯಿತೆಂದು ಕೇಳಿದರೆ, ಉತ್ತರ ನಿಮ್ಮೂರಿನ ಕೆರೆಯಲ್ಲೇ ಇದೆ. ಬೇಸಗೆಯಲ್ಲಿ ಕೆರೆ ಬತ್ತಿದಾಗ ಅಂಗಳದ ಜೇಡಿಮಣ್ಣು ಒಣಗಿ ಕುಗ್ಗುತ್ತದೆ. ಕುಗ್ಗಿದ ಮಣ್ಣು ಬಿರುಕುಬಿಟ್ಟು ಹಲವು ಮೂಲೆಯ ಹೆಂಟೆಗಳಾಗುತ್ತದೆ. ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಕೆಳಗೆ ಭೂಮಿಯೊಳಗಿನಿಂದ ಉಕ್ಕಿಬಂದ ಕರಗಿದ ಶಿಲಾರಸವೂ ಹೀಗೆಯೇ ಆರುತ್ತ ಕುಗ್ಗಿತು. ಮೇಲೆ ಬಿದ್ದ ಬಿರುಕು, ಶಾಖ ಇಳಿದಂತೆಲ್ಲ ಆಳಕ್ಕಿಳಿಯಿತು. ಹೆಂಟೆಯ ಬದಲಿಗೆ ಕಂಬವಾಯಿತು. ಆ ಕಾಲದಲ್ಲಿ ನಮ್ಮ ನೆಲವೂ ಈಗ ಆಫ್ರಿಕದ ಪಕ್ಕದಲ್ಲಿರುವ ಮಡಗಾಸ್ಕರ್ ದ್ವೀಪವೂ ಒಂದಕ್ಕೊಂದು ಅಂಟಿಕೊಂಡಿದ್ದು ಬೇರೆಯಾಗುತ್ತಿದ್ದವು. ಅದೇ ವಯಸ್ಸಿನ ಶಿಲಾರಸದ ಕಲ್ಲು ಅಲ್ಲಿಯೂ ಇದೆ. ಪಾಲಾದ ಅಣ್ಣತಮ್ಮಂದಿರ ಜಮೀನಿನಲ್ಲಿ ಹಳೆಯ ಬದುವಿನ ಗುರುತು ಎರಡು ಕಡೆಯೂ ಉಳಿದಂತೆ ಎನ್ನಬಹುದು.

ಭಾರತದ ಭೂವಿಜ್ಞಾನ ಸರ್ವೇಕ್ಷಣೆಯವರು ಈ ಕಲ್ಲನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ್ದಾರೆ. ಜಯನಗರ, ಬನಶಂಕರಿ ಕಡೆಗೆ ತರಕಾರಿ ಒಯ್ಯುವವರಿಗೆ ಇಂತಹ ಇನ್ನೊಂದು ಸ್ಮಾರಕ ಹತ್ತಿರದಲ್ಲೇ ಇದೆ: ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಅದರ ಮುಂದೆ ಮಲ್ಪೆಯ ಕಂಬಗಲ್ಲು ನಿನ್ನೆ ಮೊನ್ನೆಯ ಕೂಸು. ಆದರೆ ಲಾಲ್‌ಬಾಗಿನದು ಏಕಶಿಲೆಯಂತಹ ಗಟ್ಟಿ ಬಂಡೆ. ದ್ವೀಪದ್ದೋ ಮೊದಲೇ ಬಿರುಕುಬಿಟ್ಟು ನಿಂತಿರುವ ಕಲ್ಲು. ಹಾರೆಯಿಂದ ಮೀಟಬೇಕಾಗಿಲ್ಲ, ಅಲೆಯೇ ಸಡಿಲಿಸುತ್ತಿರುತ್ತದೆ. ನೆನಪಿಗೆಂದು ಒಂದು ತುಂಡನ್ನು ಚೀಲಕ್ಕೆ ಹಾಕಿಕೊಳ್ಳುವುದು, ಮಕ್ಕಳ ಹೆಸರನ್ನು ಅದರ ಮೇಲೆ ಕೊರೆಯುವುದು, ಇವೆರಡೂ ಕೂಡದು.

ಇನ್ನು ಕಡಲು. ನಮ್ಮಲ್ಲಿ ವರ್ಷಕ್ಕೆ ಸುಮಾರು 900 ಮಿಲಿಮೀಟರು ಮಳೆಯಾದರೆ ಉಡುಪಿಯ ಕಡೆ 4000ದಷ್ಟು ಆಗುತ್ತದೆ, ಅದರ ಬಹುಪಾಲು ಮುಂಗಾರಿನಲ್ಲಿ. ಆಗ ಕಡಲು ಕೆರಳುವುದರಿಂದ ಸಾಮಾನ್ಯವಾಗಿ ಜೂನಿನಿಂದ ಸೆಪ್ಟೆಂಬರಿನವರೆಗೆ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ನಮ್ಮ ರಾಗಿ ಹೊಲದಲ್ಲಿರುವ ಕಾಲವೂ ಅದೇ ಆದ್ದರಿಂದ ನಮಗೇನೂ ನಷ್ಟವಿಲ್ಲ.

ಮಳೆಗಾಲ ಕಳೆದರೆ ಭಯವಿಲ್ಲವೆಂದು ಮಾತ್ರ ತಿಳಿಯಬೇಡಿರಿ. 2022ರ ಏಪ್ರಿಲ್ ತಿಂಗಳಿನಲ್ಲಿ, ಬಿಸಿಲುಕಾಲದಲ್ಲಿಯೇ, ಕೇರಳದಿಂದ ಪ್ರವಾಸ ಬಂದಿದ್ದ ಮೂವರು ವಿದ್ಯಾರ್ಥಿಗಳು ಈ ದ್ವೀಪದಲ್ಲಿ ನೀರುಪಾಲಾದರು. ಕೆರೆಯ ನೀರು ಇದ್ದಲ್ಲೇ ಇರುತ್ತದೆ. ಸಮುದ್ರವಾದರೋ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಇಳಿತದಿಂದ ಭರತಕ್ಕೆ ಸುಮಾರು ಆರು ಗಂಟೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಕೆ ಇನ್ನೂ ಹೆಚ್ಚು. ನೀವು ಬಂದಾಗ ಒಣಗಿದ್ದ ಬಂಡೆ ಬುತ್ತಿ ಉಂಡು ಏಳುವಷ್ಟರಲ್ಲಿ ನೀರಿನ ಅಂಚಿಗೆ ಬಂದಿರಬಹುದು. ಒದ್ದೆಯಾದ, ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲಿಡಬೇಡಿರಿ. ಫೋಟೋ ತೆಗೆಸಿಕೊಳ್ಳಲೆಂದು ಅಲೆಗೆ ಬೆನ್ನುಮಾಡಿ ನಿಲ್ಲಬೇಡಿರಿ. ಊರಿನ ಬಾವಿಯಲ್ಲಿ ಈಜು ಕಲಿತವನ ಧೈರ್ಯ ಇಲ್ಲಿ ಸಲ್ಲದು.

ಕುಡಿಯುವ ನೀರನ್ನು ಜೊತೆಯಲ್ಲಿ ಒಯ್ಯಿರಿ, ಖಾಲಿ ಬಾಟಲಿಯನ್ನು ಜೊತೆಯಲ್ಲೇ ತನ್ನಿರಿ. ರಾತ್ರಿ ಅಲ್ಲಿ ತಂಗುವಂತಿಲ್ಲವಾದ್ದರಿಂದ, ಕೊನೆಯ ದೋಣಿ ಎಷ್ಟು ಹೊತ್ತಿಗೆಂಬುದನ್ನು ಇಳಿಯುವಾಗಲೇ ದೋಣಿಯವರಲ್ಲಿ ಕೇಳಿಟ್ಟುಕೊಳ್ಳಿರಿ.